ಬೆಸ ಗೆರೆ, ಸಮ ಗೆರೆ

ಹುಬ್ಬಳ್ಳಿಯಿಂದ ಬಂದವನು ಯಂತ್ರವನ್ನು ಮೇಜಿಗಿಟ್ಟು ಹೇಳಿದ:
ಸಾವಿರದ ಎಂಬತ್ತು ಇರುವಾಗ ಏಳುನೂರಾ ಇಪ್ಪತ್ತು ಯಾಕ್ರೀ?
ಪೆಡ್ನೇಕರ್ ಸಾಹುಕಾರರು ಬಂಗಡೆ ಕೊಳ್ಳುವಾಗಲೂ ಹಾಗೇ,
ಬುಟ್ಟಿ ಎಣಿಸುತ್ತಾರೆ, ಕಿವಿರು ಎತ್ತಿ ನೋಡುವುದಿಲ್ಲ.
ತಲೆಯಾಡಿಸಿದರು.

ಅವರ ಕೇಬಲ್ ಚಾನೆಲ್ಲಿನಲ್ಲಿ ಗುಂಡಿ ಒತ್ತುವವಳು ನಾನು.
ಒಂದು ಆಟ ತೋರಿಸಿ ನೋಡೋಣ ಸರ್, ಅಂದೆ,
ಶನಿವಾರ ಮಾಜಾಳಿಯಲ್ಲಿ ಕಬಡ್ಡಿ ಇದೆ.

ಸಂಗತಿ ಇಷ್ಟು:
ಆ ಸಾವಿರದ ಎಂಬತ್ತು ಒಟ್ಟಿಗೆ ಬರುವುದಿಲ್ಲ.
ಮೊದಲು ಬೆಸ ಗೆರೆ, ಒಂದು ಮೂರು ಐದು,
ರೆಪ್ಪೆ ಬಡಿಯುವುದರೊಳಗೆ ಸಮ ಗೆರೆ, ಎರಡು ನಾಲ್ಕು ಆರು.
ಅರ್ಧ ಈಗಿನದು, ಅರ್ಧ ಈಗಷ್ಟೇ ಹೋದದ್ದು.
ಎರಡನ್ನೂ ಹೆಣೆದು ಇದೇ ಈ ಕ್ಷಣ ಅನ್ನುತ್ತದೆ ಪರದೆ.
ಲಂಗರು ಹಾಕಿದ ದೋಣಿಗೆ ಇದರಿಂದ ಏನೂ ಆಗುವುದಿಲ್ಲ.
ಕೂರ್ಮಗಡಕ್ಕೆ ಏನೂ ಆಗುವುದಿಲ್ಲ, ಅದರ ಹುಲ್ಲನ್ನೂ ಎಣಿಸಬಹುದು.
ಓಡುವ ಕಾಲಿನ ಅಂಚಿಗೆ ಮಾತ್ರ ಹಲ್ಲು ಮೂಡುತ್ತದೆ,
ಬಾಚಣಿಗೆಯ ಹಲ್ಲು.

ಏಳುನೂರಾ ಇಪ್ಪತ್ತರದು ಸಣ್ಣ ಸಂಸಾರ.
ಇರುವಷ್ಟನ್ನೇ ಪೂರ್ತಿ ಬಡಿಸುತ್ತದೆ, ಸೆಕೆಂಡಿಗೆ ಐವತ್ತು ಸಲ.

ಮರಳ ಅಂಗಳ, ಸುತ್ತ ಹಗ್ಗ, ಹೊಗೆಯುಗುಳುವ ಜನರೇಟರು.
ಕೈತಾನನ ಎರಡು ಕ್ಯಾಮೆರಾ, ಒಂದಕ್ಕೆ ಆ ಲೆಕ್ಕ, ಒಂದಕ್ಕೆ ಈ ಲೆಕ್ಕ.
ನಾನು ಟೆಂಪೋದೊಳಗೆ, ಎರಡು ಪರದೆಯ ಮುಂದೆ,
ತೊಡೆಯ ಮೇಲೆ ಆರಿದ ಚಹಾ.
ಇಪ್ಪತ್ತೇಳು ಇಪ್ಪತ್ತೇಳು. ಕೊನೆಯ ರೇಡು.
ಬೈತಕೋಲದ ಕಡೆಯಿಂದ ಹೊರಟವನು ಉಮಾಕಾಂತ ಹರಿಕಂತ್ರ,
ನನ್ನ ತಮ್ಮ.
ಮುಂಗಾಲು ಬೋನಸ್ ಗೆರೆ ದಾಟಿದ್ದು ಎಲ್ಲರೂ ಕಂಡರು.
ಹಿಂದಿನ ಕಾಲು? ನೆಲ ಬಿಟ್ಟಿತ್ತೋ ಇಲ್ಲವೋ?
ಗಜಾನನ ಮಾಸ್ತರರು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು
ನೆಟ್ಟಗೆ ಟೆಂಪೋ ಹತ್ತಿದರು, ಅವರ ಹಿಂದೆ ಎರಡು ಊರು.

ಮೊದಲನೆಯ ಪರದೆ ನಿಲ್ಲಿಸಿದೆ.
ಆಹಾ ಎಂಥ ಚಿತ್ರ! ಅಂಗಿಯ ಹೊಲಿಗೆ ಕಾಣುತ್ತದೆ,
ಮೊಣಕಾಲಿನ ಹಳೇ ಗಾಯ ಕಾಣುತ್ತದೆ, ಅದಕ್ಕೆ ಅಂಟಿದ ಮರಳು ಕೂಡ.
ಹಿಮ್ಮಡಿ ಮಾತ್ರ ಎರಡಿದೆ.
ಬೆಸ ಗೆರೆಯಲ್ಲಿ ನೆಲದ ಮೇಲೆ, ಸಮ ಗೆರೆಯಲ್ಲಿ ಗಾಳಿಯಲ್ಲಿ.
ನೋಡ್ರೋ! ಅಂದರು ಬೈತಕೋಲದವರು.
ನೋಡ್ರೋ! ಅಂದರು ಮಾಜಾಳಿಯವರೂ.
ಇಬ್ಬರಿಗೂ ಅವರವರದ್ದು ಸಿಕ್ಕಿತ್ತು.

ಎರಡನೆಯದನ್ನು ನಿಲ್ಲಿಸುವ ಮುಂಚೆ ನನ್ನ ಬೆರಳು ಸ್ವಲ್ಪ ತಡೆಯಿತು.
ಎಷ್ಟು ಅಂತ ಕೇಳಬೇಡಿ.
ಮುಖ ಮಸುಕು, ಅಂಗಿಯ ನಂಬರು ಮೂರೋ ಎಂಟೋ,
ಆದರೆ ಕಾಲು ಒಂದೇ ಕಾಲು.
ಮುಂಗಾಲು ಊರಿಯಾಗಿದೆ,
ಹಿಮ್ಮಡಿ ಇನ್ನೂ ಮರಳಲ್ಲಿದೆ, ಬೆರಳುಗಳೂ.
ಮಾಸ್ತರರು ಸೀಟಿ ಊದಿದರು. ಬೋನಸ್ ಇಲ್ಲ.

ರಾತ್ರಿ ಬೈಕಿನ ಹಿಂದೆ ಕೂತು ಉಮಾಕಾಂತ
ಕಾಳಿ ಸೇತುವೆ ದಾಟುವ ತನಕ ಮಾತಾಡಲಿಲ್ಲ.
ಆಮೇಲೆ, ನಿಂಗೆ ಒಂದೇ ಕ್ಯಾಮೆರಾ ಸಾಕಾಗ್ತಿರಲಿಲ್ವಾ ಬಾಯ್, ಅಂದ.
ಆಯಿ ಊಟಕ್ಕೆ ಬಡಿಸುತ್ತಾ ಅಂದಳು:
ನಮ್ಮ ಹಳೇ ಟೀವಿಯಲ್ಲಿ ಎಲ್ಲಾ ಒಂದೇ ಥರ ಕಂಡ್ತು,
ನೀನು ಸಪೂರ ಆಗಿದ್ದೀಯ.

ಸಾಹುಕಾರರು ಕೊನೆಗೂ ದೊಡ್ಡ ಅಂಕಿಯನ್ನೇ ಕೊಂಡರು.
ಉದ್ಘಾಟನೆ, ಹಾರ, ಶಾಲು, ಜಾಹೀರಾತು ಕೊಟ್ಟವರ ಸನ್ಮಾನ
ಅದರಲ್ಲೇ ಚಂದವಂತೆ.
ನಿಜವೇ. ಶಾಲು ಹೊದೆಸಿಕೊಳ್ಳುವಾಗ ಯಾರೂ ಓಡುವುದಿಲ್ಲ.

ಆದರೆ ಯಂತ್ರದ ಎರಡನೇ ಪುಟದಲ್ಲಿ, ಕೆಳಗೆ,
ಆಯ್ಕೆ ಬದಲಿಸುವ ಜಾಗ ಒಂದಿದೆ. ಸಾಹುಕಾರರು ಅಲ್ಲಿಯ ತನಕ ಓದುವುದಿಲ್ಲ.
ಭಾಷಣ ಮುಗಿದು ಸೀಟಿ ಬೀಳುವ ಮೊದಲು ನಾನು ಅದನ್ನು ಒತ್ತುತ್ತೇನೆ.
ಎರಡು ಸೆಕೆಂಡು
ಕೋಡಿಬಾಗ, ಸದಾಶಿವಗಡ, ಬಿಣಗಾದ ಮನೆಗಳಲ್ಲಿ ಪರದೆ ಕಪ್ಪು.
ಯಾರೋ ಕರೆಂಟಿಗೆ ಬೈಯುತ್ತಾರೆ,
ಯಾರೋ ಡಬ್ಬಿಯ ನೆತ್ತಿಗೆ ಮೊಟಕುತ್ತಾರೆ,
ಆಮೇಲೆ ಬೆಳಕು ಬರುತ್ತದೆ, ಸ್ವಲ್ಪ ಒರಟಾಗಿ.
ಉಮಾಕಾಂತ ಗೆರೆಯ ಹತ್ತಿರ ಬಗ್ಗಿ ನಿಂತಿರುತ್ತಾನೆ,
ಮರಳು ಮುಟ್ಟಿ ಹಣೆಗೆ ಒತ್ತಿಕೊಂಡು, ಒಮ್ಮೆ ಟೆಂಪೋದ ಕಡೆ ನೋಡಿ
ಹಿಂದಿನ ಕಾಲನ್ನು ಎತ್ತಿಡುತ್ತಾನೆ,
ಬೇಕಂತಲೇ ಒಂದು ಗೇಣು ಹೆಚ್ಚು.